ಹಾಲಿನ ಲೆಕ್ಕದ ಪುಸ್ತಕದಿಂದ ಹುಟ್ಟಿದ ನಮ್ಮ ವೆಬ್‌ಸೈಟ್

ಶಿರಸಿ ಹತ್ತಿರದ ನಮ್ಮ ಹೋಮ್‌ಸ್ಟೇಗೆ ಈಗ ಹೆಚ್ಚುಕಡಿಮೆ ಅರ್ಧ ಬುಕಿಂಗ್ ನಮ್ಮದೇ ವೆಬ್‌ಸೈಟಿನಿಂದ ಬರುತ್ತದೆ. ಯಾರಿಗೂ ಕಮಿಷನ್ ಕೊಡಬೇಕಿಲ್ಲ. "ಇನ್‌ಸ್ಟಾಗ್ರಾಂ ಇದೆಯಲ್ಲ, ಸುಮ್ನೆ ದುಡ್ಡು ದಂಡ" ಅಂದಿದ್ದ ಭಾವ ಕಳೆದ ತಿಂಗಳು ಬಂದು, ನನಗೂ ಒಂದು ಮಾಡಿಕೊಡು ಅಂದ. ನನಗೆ ಅದೇ ದೊಡ್ಡ ಸರ್ಟಿಫಿಕೇಟು.

ಮೊದಲು ಕಳೆದುಕೊಂಡ ಲೆಕ್ಕ ಹೇಳುತ್ತೇನೆ. ವೆಬ್‌ಸೈಟ್ ಮಾಡಿಸಲು ಒಂದು ಕಂಪನಿಗೆ 38 ಸಾವಿರ ಕೊಟ್ಟೆ. ಡ್ರೋನ್ ವಿಡಿಯೊಗೆ ಬೇರೆ 12 ಸಾವಿರ. ತೆರೆದ ಕೂಡಲೇ ಅಡಿಕೆ ತೋಟದ ಮೇಲೆ ಹಾರುವ ವಿಡಿಯೊ, ಆಮೇಲೆ ತಾನೇ ಜಾರುವ ಐದು ಫೋಟೊ, ಕೆಳಗೆ ಮನೆತನದ ಕಥೆ. ನೋಡೋಕೆ ಚೆಂದ ಇತ್ತು. ಆದರೆ ಮುಖಪುಟವೇ 9 ಎಂಬಿ ಹತ್ತಿರ, ಸಿಗ್ನಲ್ ಕಡಿಮೆ ಇದ್ದರೆ ತೆರೆಯಲು ಬಹಳ ಹೊತ್ತು. ಒಂದೂವರೆ ವರ್ಷದಲ್ಲಿ ಬಂದ ಬುಕಿಂಗ್ ಆರೋ ಏಳೋ.

ದಾರಿ ತೋರಿಸಿದ್ದು ನನ್ನ ಹೆಂಡತಿ. ಫೋನ್ ಮಾಡಿದವರು ಕೇಳಿದ್ದನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಳು. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು. ಎರಡು ತಿಂಗಳಲ್ಲಿ ಸುಮಾರು 140 ಕರೆ. "ಒಬ್ಬರಿಗೆ ಎಷ್ಟು, ಊಟ ಸೇರಿನಾ?" "ಕಾರು ಅಂಗಳದ ತನಕ ಬರತ್ತಾ?" "ತಾಳಗುಪ್ಪದಲ್ಲಿ ರೈಲು ಇಳಿದರೆ ಮುಂದೆ ಹೇಗೆ?" "ಅಮ್ಮನಿಗೆ ಮಂಡಿನೋವು, ಕಮೋಡ್ ಇದೆಯಾ?" "ಉಂಬಳ (ಜಿಗಣೆ) ಜಾಸ್ತಿನಾ?" ತೋಟ ಎಷ್ಟು ಎಕರೆ ಅಂತ ಒಬ್ಬರೂ ಕೇಳಲಿಲ್ಲ.

ಆ ಗೀಟುಗಳೇ ನಮ್ಮ ಪ್ಲ್ಯಾನ್. ಯಾವುದಕ್ಕೆ ಗೀಟು ಜಾಸ್ತಿಯೋ ಅದು ಮೇಲೆ. ವಿಡಿಯೊ ತೆಗೆದುಹಾಕಿದೆ, ತಾನೇ ಜಾರುವ ಫೋಟೊಗಳನ್ನೂ ತೆಗೆದುಹಾಕಿದೆ. ಮೊಬೈಲಿನ ಮೊದಲ ಪರದೆಯಲ್ಲಿ ದರ, ಊಟ, ದಾರಿ, ವಾಟ್ಸಾಪ್ ಬಟನ್, ಅಷ್ಟೇ. ದರ ಹಾಕಿದರೆ ಜನ ಓಡಿಹೋಗುತ್ತಾರೆ ಅಂತ ಸುತ್ತಲಿನ ಹೋಮ್‌ಸ್ಟೇಯವರೆಲ್ಲ ಹೆದರಿಸಿದ್ದರು. ಕರೆ ಕಡಿಮೆಯಾದದ್ದು ನಿಜ. ಆದರೆ ಮೊದಲು ಹತ್ತು ಕರೆಗೆ ಒಂದು ಬುಕಿಂಗ್ ಆಗುತ್ತಿತ್ತು, ಈಗ ನಾಲ್ಕು. ಹೆಂಡತಿಗೆ ಮಧ್ಯಾಹ್ನ ಕಾಲು ಚಾಚಲು ಸಮಯ ಸಿಗುತ್ತಿದೆ, ಅದೇನು ಕಡಿಮೆಯಾ?

ಬಚ್ಚಲು ಮನೆಯ ಫೋಟೊ, ಜಗಲಿಯ ಏಳು ಮೆಟ್ಟಿಲು ಮತ್ತು ಹಿಡಿಕೆಯ ಫೋಟೊ ನಾನೇ ತೆಗೆದೆ, ಬೆಳಗ್ಗೆ ಒಂಬತ್ತರ ಬಿಸಿಲಲ್ಲಿ. ಹುಬ್ಬಳ್ಳಿಯವರೊಬ್ಬರು ಆ ಮೆಟ್ಟಿಲು ನೋಡಿಯೇ ಅಪ್ಪ ಅಮ್ಮನನ್ನು ಕರೆತಂದರು, ಮೂರು ದಿನ ಇದ್ದರು. ದಾರಿಗೆ ಬರೀ ಮ್ಯಾಪ್ ಸಾಲದು. ಕೊನೆಯ ಮೂರು ತಿರುವಿನ ಫೋಟೊ ಹಾಕಿದ್ದೇನೆ. 

ಕನ್ನಡ ಪುಟದ ಕಥೆ ಬೇರೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫೈಲಿನಿಂದ ಅಂಟಿಸಿದ್ದೆ, ಫೋನಿನಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಮೊದಲಿಂದ ಟೈಪ್ ಮಾಡಿದೆ, ಎರಡು ರಾತ್ರಿ ಹಿಡಿಯಿತು. ಧಾರವಾಡ, ಹಾವೇರಿ ಕಡೆಯವರು ಅದನ್ನೇ ಓದಿ ಫೋನ್ ಮಾಡುತ್ತಾರೆ.

ಎರಡು ಪ್ರಯೋಗವನ್ನೂ ಮಾಡಿದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬೇರೆ ಪುಟ ಮಾಡಿದೆ, ಒಂದೇ ಬುಕಿಂಗ್ ಬಂತು. ಜಾತ್ರೆಗೆ ಬರುವವರಿಗೆ ನೆಂಟರ ಮನೆ ಇರುತ್ತದಲ್ವಾ! ಇನ್ನೊಂದು, ಹೊಳೆಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗದ ಪುಟ. ಮಳೆಗಾಲದಲ್ಲಿ ಶಾಲ್ಮಲಾ ಹೊಳೆ ತುಂಬಿದರೆ ಲಿಂಗಗಳು ಕಾಣುವುದಿಲ್ಲ, ಅದಕ್ಕಾಗಿಯೇ ಬರುವುದಾದರೆ ಚಳಿಗಾಲದಲ್ಲಿ ಬನ್ನಿ ಅಂತ ಬರೆದೆ. ಗಿರಾಕಿಯನ್ನು ಕೈಯಾರೆ ಓಡಿಸುತ್ತೀಯಾ ಅಂದರು. ಈಗ ಜಾಸ್ತಿ ಓದುವ ಪುಟವೇ ಅದು, ಡಿಸೆಂಬರ್ ತುಂಬುವುದೂ ಅದರಿಂದಲೇ.

ಈಗ ಮುಖಪುಟ 400 ಕೆಬಿ ಒಳಗಿದೆ. ಏನೇ ಬದಲಿಸಿದರೂ ಒಂದೇ ಕಡ್ಡಿ ಸಿಗ್ನಲ್ ಇರುವ ನಮ್ಮೂರ ತಿರುವಿನಲ್ಲಿ ನಿಂತು ತೆರೆದು ನೋಡುತ್ತೇನೆ. ಡೊಮೈನ್ (ವೆಬ್‌ಸೈಟಿನ ಹೆಸರು), ಹೋಸ್ಟಿಂಗ್ (ಅದನ್ನು ಇಡುವ ಜಾಗ) ಸೇರಿ ವರ್ಷಕ್ಕೆ ನಾಲ್ಕೂವರೆ ಸಾವಿರ ಖರ್ಚು.

ಪುಸ್ತಕ ಈಗಲೂ ಫೋನಿನ ಪಕ್ಕದಲ್ಲೇ ಇದೆ. "ಇವಿ ಕಾರು ಚಾರ್ಜ್ ಮಾಡಬಹುದಾ?" ಅನ್ನುವುದಕ್ಕೆ ಹನ್ನೊಂದು ಗೀಟು ಬಿದ್ದಿದೆ. ಈ ವಾರ ಕೊಟ್ಟಿಗೆ ಪಕ್ಕ 15 ಆಂಪ್ ಸಾಕೆಟ್ ಹಾಕಿಸುತ್ತಿದ್ದೇನೆ. ವೈರಿಂಗ್ ಮುಗಿದ ದಿನ ಅದರ ಫೋಟೊ ಮೇಲೆ ಹೋಗುತ್ತದೆ.