ನಮ್ಮ ಕಾಲೇಜಿಗೆ ಬಂದ ಬೇಟ್ ದ್ವಾರಕೆ

ಇತಿಹಾಸ ವಿಭಾಗದ ಒಂದು ಕೋಣೆ, ಎರಡು ಹಳೇ ಗಾಜಿನ ಕಪಾಟು, ಕೈಯಲ್ಲಿ ಅಷ್ಟಕ್ಕಷ್ಟೇ ದುಡ್ಡು. ಇಷ್ಟರಲ್ಲೇ ಗುಜರಾತಿನ ಬೇಟ್ ದ್ವಾರಕಾ ದ್ವೀಪವನ್ನು ಒಂದು ಪ್ರದರ್ಶನ ಮಾಡಿ ನಮ್ಮ ಕರಾವಳಿಯ ಮಕ್ಕಳಿಗೆ ತೋರಿಸಬೇಕು ಎಂದು ಹೊರಟೆ. ಈ ಹುಚ್ಚು ಹಿಡಿಸಿದ್ದು ಎಸ್.ಆರ್. ರಾವ್. ಹರಪ್ಪ ಕಾಲದ ಊರು ಲೋಥಲ್ ಅಗೆಸಿದ ಈ ಕನ್ನಡಿಗರೇ 1981ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವಕ್ಕೆ ಬುನಾದಿ ಹಾಕಿದವರು. ಸೇತುವೆ ಬಂದದ್ದು 2024ರಲ್ಲಿ. ಅದಕ್ಕೂ ಮೊದಲು ನಾನು ಓಖಾದಿಂದ ದೋಣಿಯಲ್ಲಿ ಹೋಗಿದ್ದೆ. ಜೊತೆಗಿದ್ದವರೆಲ್ಲ ದೇವಸ್ಥಾನಕ್ಕೆ, ನಾನೊಬ್ಬ ದಂಡೆಗೆ.

ಸಂಶೋಧಕರಿಗೆ ಅಲ್ಲಿ ಸಿಕ್ಕ ಹರಪ್ಪ ಕಾಲದ ಶಂಖದ ಮುದ್ರೆಯ ಅಳತೆ ಬರೀ 20 × 18 ಮಿ.ಮೀ. ಗೂಳಿ, ಒಂಟಿಕೊಂಬಿನ ಪ್ರಾಣಿ, ಮೇಕೆ: ಒಂದೇ ಮೈಗೆ ಮೂರು ತಲೆ. ನಮ್ಮ ಚಿತ್ರಕಲಾ ಶಿಕ್ಷಕರು ಫೋಟೊ ನೋಡಿ ಶಂಖದ ಚೂರಿನಲ್ಲೇ ಕೆತ್ತಿದರು. ಎರಡು ಒಡೆದವು, ಎರಡು ಉಳಿದವು. ಕೆಂಪು ಬಟ್ಟೆಯ ಮೇಲೆ ನಡುಮಧ್ಯೆ ಇಟ್ಟೆ. ಯಾರೋ ಅಂಗಿಯ ಗುಂಡಿ ಬೀಳಿಸಿ ಹೋದ ಹಾಗೆ ಕಂಡಿತು, ಜನ ದಾಟಿಕೊಂಡು ಹೋದರು. ಮರುದಿನ ಮೇಲೊಂದು ಭೂತಗನ್ನಡಿ ಕೂರಿಸಿ, ಇನ್ನೊಂದು ಪ್ರತಿಯನ್ನು ಹಸಿ ಜೇಡಿಯ ತಟ್ಟೆಯ ಪಕ್ಕ ಇಟ್ಟೆವು. ಒತ್ತಿ ನೋಡಲು ಮಕ್ಕಳ ಸಾಲೇ ನಿಂತಿತು.

ಅಲ್ಲಿನ ಕಡಲಲ್ಲಿ ಸಿಕ್ಕ ಕಲ್ಲಿನ ಲಂಗರಿನ ಪ್ರತಿಕೃತಿ ಮಾತ್ರ ನೀರು ಕುಡಿಸಿತು. ಥರ್ಮೊಕೋಲಿನಲ್ಲಿ ಮಾಡಿದ್ದು ನಾಟಕ ಕಂಪನಿಯ ಸಾಮಾನಿನಂತಿತ್ತು. ಕೊನೆಗೆ ಕಲ್ಲು ಕೆಲಸದವರೊಬ್ಬರಿಂದ ಶಿಲೆಕಲ್ಲಿನಲ್ಲೇ ಮಾಡಿಸಿದೆ: ನಾಲ್ಕಡಿ ಉದ್ದ, ಬುಡ ದಪ್ಪ, ತುದಿ ಸಪೂರ. ಮೇಲೆ ಹಗ್ಗಕ್ಕೊಂದು ದುಂಡು ತೂತು, ಕೆಳಗೆ ಮರದ ಗೂಟಗಳಿಗೆ ಎರಡು ಚೌಕ ತೂತು. ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿ, ದೇವರಿಗೆ ಬಿಟ್ಟಂತೆ ಬೆಳಕು ಬಿಟ್ಟೆ.

ಮೊದಲ ದಿನವೇ ಬಂದ ಹಿರಿಯ ಮೀನುಗಾರರೊಬ್ಬರು ಸುತ್ತು ಹಾಕಿ ನಕ್ಕರು. "ಮಾಷ್ಟ್ರೆ, ಕಲ್ಲು ನಿಂತ್ರೆ ದೋಣಿ ನಿಲ್ಲುದಿಲ್ಲ." ಗೂಟಗಳನ್ನು ಮುಟ್ಟಿ, "ಎರಡೂ ಒಂದೇ ದಿಕ್ಕಿಗೆ ಯಾಕೆ?" ಎಂದರು. ಫೋಟೊ ತೆಗೆದು ನೋಡಿದರೆ ಅವರದ್ದೇ ಸರಿ. ಮೂಲದಲ್ಲಿ ಒಂದು ತೂತು ಎದುರಿನಿಂದ, ಇನ್ನೊಂದು ಬದಿಯಿಂದ ಹಾದುಹೋಗುತ್ತದೆ. ಲಂಗರು ಹೇಗೇ ಬೀಳಲಿ, ಯಾವುದಾದರೊಂದು ಗೂಟ ಮರಳಿಗೆ ಕಚ್ಚುತ್ತದೆ. ನಾವು ಎರಡನ್ನೂ ಒಂದೇ ಮುಖಕ್ಕೆ ಕೊರೆಸಿದ್ದೆವು! ಇನ್ನೊಂದು ಕಲ್ಲು ಮಾಡಿಸಿ, ಮರಳು ಹಾಸಿ ಮಲಗಿಸಿದೆ. ನನ್ನ ನೈಲಾನ್ ಹಗ್ಗ ಬಿಚ್ಚಿಸಿ, ಮನೆಯಿಂದ ಕತ್ತದ ಹಗ್ಗ ತಂದು ಕಟ್ಟಿದವರು ಅವರೇ.

ಫಲಕ ಬರೆಯುವಾಗ ಜಗಳವೇ ಆಯಿತು. "ಕೃಷ್ಣನ ಕಾಲದ ಲಂಗರು ಅಂತ ಬರೀರಿ, ಜನ ಬರ್ತಾರೆ" ಎಂದು ಕೆಲವರ ಒತ್ತಾಯ. ರಾವ್ ಅವರೂ ಅಲ್ಲಿನ ಅವಶೇಷಗಳನ್ನು ಮಹಾಭಾರತದ ದ್ವಾರಕೆಗೆ ಜೋಡಿಸಿದ್ದರು, ನಿಜ. ಆದರೆ ಈ ಬಗೆಯ ಲಂಗರುಗಳು ಇರಾನಿನ ಸಿರಾಫ್ ಬಂದರಿನಲ್ಲೂ ಸಿಕ್ಕಿವೆ, ಅದು ಅರಬ್ಬಿ ಕಡಲ ವ್ಯಾಪಾರದ ಮಧ್ಯಯುಗದ ಬಂದರು. ನಂತರದ ಸಂಶೋಧಕರ ವಾದವೂ ಆ ಕಡೆಗೇ ವಾಲುತ್ತದೆ; ನನಗೂ ಅದೇ ಸರಿ ಅನ್ನಿಸುತ್ತದೆ. ಎರಡೂ ಅಭಿಪ್ರಾಯ ಕೊಟ್ಟು, ಮೇಲೆ ಇಷ್ಟೇ ಬರೆದೆ: "ಕಲ್ಲಿನ ಲಂಗರು. ತನ್ನ ವಯಸ್ಸನ್ನು ತಾನೇ ಹೇಳುವುದಿಲ್ಲ."

ಮೀನುಗಾರರು ಅದನ್ನೂ ಓದಿದರು. "ವಯಸ್ಸು ಇರ್ಲಿ ಮಾಷ್ಟ್ರೆ, ತೂಕ ಎಲ್ಲಿ ಬರ್ದಿದ್ದೀರಿ?"

ಐಸ್ ಪ್ಲಾಂಟಿನ ತಕ್ಕಡಿಗೆ ಹೊತ್ತುಕೊಂಡು ಹೋದೆವು. 112 ಕಿಲೋ. ಫಲಕದ ಕೆಳಗೆ ಸೇರಿಸಿದೆ, ಪ್ರತಿಕೃತಿಯ ತೂಕ ಎಂದು.