ಗೋಡೆಗೆ ನೀರು ಬೇಕು, ಗಾಡಿಗೆ ಬೇಡ

ಮೊದಲು ಷೆಡ್, ಆಮೇಲೆ ಕಾರು. ಈ ಕ್ರಮ ನನ್ನ ಬುದ್ಧಿವಂತಿಕೆಯಿಂದ ಬಂದದ್ದಲ್ಲ. ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ತಿಪಟೂರಿನ ಹತ್ತಿರದ ನಮ್ಮ ತೋಟದ ಮನೆ ಮುಂದೆ, ಹುಣಸೆ ಮರದ ಕೆಳಗೆ ಹನ್ನೊಂದು ವರ್ಷ ನಿಂತಿತ್ತು. ಒಂದು ಭಾನುವಾರ ಸ್ಪ್ಯಾನರ್ ಸೆಟ್ ಹಿಡಿದು ಬಿಚ್ಚೋಕೆ ಕೂತೆ. ಮೂರು ಭಾನುವಾರ ಬಿಚ್ಚಿದ್ದೇ ಬಿಚ್ಚಿದ್ದು. ನಾಲ್ಕನೇ ಭಾನುವಾರ ಮಳೆ ಹಿಡಿಯಿತು. ಕಾರ್ಬುರೇಟರ್, ಸೀಟು, ಬಾಗಿಲಿನ ಒಳಪಟ್ಟಿ ಎಲ್ಲ ಹೊತ್ತುಕೊಂಡು ಕೊಟ್ಟಿಗೆಗೆ ಓಡಿದೆ. ಎಮ್ಮೆ ಸೀಟಿನ ಮೂಲೆಯನ್ನು ಮೂಸಿತು, ಆಮೇಲೆ ಕಚ್ಚಿಯೂ ನೋಡಿತು. ಸೂರಿಲ್ಲದೆ ಕಾರು ಬಿಚ್ಚಬಾರದು ಅಂತ ಅವತ್ತು ಗೊತ್ತಾಯಿತು.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕರಣೆ ಹಿಡಿದವನಲ್ಲ, ವೆಲ್ಡಿಂಗ್ ಗೊತ್ತಿಲ್ಲ. ಆದರೂ ಷೆಡ್ಡಿನ ಗೋಡೆ ನಾನೇ ಕಟ್ಟಬೇಕು ಅನ್ನೋ ಹಟ. ಪಾಯ ಮಾತ್ರ ಗಾರೆ ಮೇಸ್ತ್ರಿಗೆ ಬಿಟ್ಟೆ. ಅದರಲ್ಲಿ ತಪ್ಪಾದರೆ ಮೇಲೆ ಮಾಡಿದ್ದೆಲ್ಲ ದಂಡ. ಇಟ್ಟಿಗೆಗೆ ನಮ್ಮ ತೋಟದ ಕೆಂಪು ಮಣ್ಣೇ ಸಾಕು ಅನಿಸಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ‘ಅಸ್ತ್ರ’ ಅನ್ನೋ ಒಂದು ವಿಭಾಗ ಶುರುವಾಯಿತು. ಅವರು ಮಣ್ಣಿನ ಇಟ್ಟಿಗೆ ಒತ್ತೋಕೆ ಒಂದು ಕೈಯಂತ್ರ ರೂಪಿಸಿದ್ದರು. ಹೆಸರು ಮರ್ದಿನಿ. ಪರಿಚಯದವರೊಬ್ಬರ ಬಳಿ ಒಂದು ಇತ್ತು, ಬಾಡಿಗೆಗೆ ತಂದೆ.

ಯಂತ್ರಕ್ಕಿಂತ ಮೊದಲು ಮಣ್ಣು ಗೊತ್ತಾಗಬೇಕು. ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಒಂದು ದಿನ ಅಲ್ಲಾಡಿಸದೆ ಇಡಿ. ಮರಳು ತಳಕ್ಕೆ ಕೂರುತ್ತೆ, ನಯವಾದ ಜೇಡಿ ಮೇಲೆ ನಿಲ್ಲುತ್ತೆ. ನನ್ನ ಬಾಟಲಿಯಲ್ಲಿ ಜೇಡಿಯ ಪದರವೇ ಜಾಸ್ತಿ. ಅಂಥ ಮಣ್ಣು ಒಣಗುವಾಗ ಸಂಕುಚಿಸಿ ಬಿರುಕು ಬಿಡುತ್ತೆ. ಅದಕ್ಕೆ ಎಂ-ಸ್ಯಾಂಡ್ ಬೆರೆಸಿ ಮತ್ತೆ ಬಾಟಲಿ ಕುಲುಕಿದೆ. ನಾಲ್ಕನೇ ಬಾಟಲಿಗೆ ಸರಿಹೋಯಿತು. ಸಿಮೆಂಟು ಸುಮಾರು ನೂರಕ್ಕೆ ಏಳು ಪಾಲು ಹಾಕಿದೆ. ಒಂದು ಮೂಟೆಗೆ ಎಂಬತ್ತು ಚಿಲ್ಲರೆ ಇಟ್ಟಿಗೆ ಬಂದವು. ಇಟ್ಟಿಗೆಯ ಅಳತೆ 230 × 190 × 100 ಮಿಲಿಮೀಟರ್. ನಾನು ಮತ್ತು ತಂಗಿಯ ಮಗ ಸೇರಿ ದಿನಕ್ಕೆ ನೂರೈವತ್ತು ಒತ್ತಿದರೆ ಅದೇ ದೊಡ್ಡದು. ಒಟ್ಟು 1,700 ಬೇಕಿತ್ತು. ಬೇಸಿಗೆ ರಜೆ ಅಲ್ಲೇ ಕರಗಿತು.

ನೀರು ಎಷ್ಟು ಹಾಕಬೇಕು ಅನ್ನೋದೇ ಇದರ ಕೀಲಿ. ಹದವಾದ ಮಣ್ಣನ್ನು ಮುಷ್ಟಿ ಕಟ್ಟಿ ಎದೆಯೆತ್ತರದಿಂದ ನೆಲಕ್ಕೆ ಬಿಡಬೇಕು. ಒಂದಷ್ಟು ತುಂಡಾಗಿ ಒಡೆದರೆ ಸರಿ. ರೊಟ್ಟಿ ಹಿಟ್ಟಿನ ಹಾಗೆ ಚಪ್ಪಟೆಯಾದರೆ ನೀರು ಜಾಸ್ತಿ. ಪುಡಿಪುಡಿಯಾದರೆ ಕಡಿಮೆ. ಒತ್ತಿದ ಮೇಲೆ ನೆರಳಲ್ಲಿ ಪೇರಿಸಿ, ಗೋಣಿ ಹೊದಿಸಿ, 21 ದಿನ ನೀರು ಹೊಡೆಯಬೇಕು. ಮೊದಲ ಇನ್ನೂರು ಇಟ್ಟಿಗೆಗೆ ಇದನ್ನು ಸರಿಯಾಗಿ ಮಾಡಲಿಲ್ಲ. ಮದುವೆಗೆ ಅಂತ ಎರಡು ದಿನ ಅರಸೀಕೆರೆಗೆ ಹೋಗಿದ್ದೆ. ಬಂದು ನೋಡಿದರೆ ಇಟ್ಟಿಗೆಯ ಅಂಚು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಅವನ್ನು ಅಂಗಳಕ್ಕೆ ಹಾಸಿದ್ದೇನೆ. ಈಗಲೂ ಮಳೆಗಾಲದಲ್ಲಿ ಕಾಲಿಗೆ ಕೆಂಪು ಮೆತ್ತುತ್ತೆ.

ಇನ್ನು ನಾಚಿಕೆಯ ವಿಷಯ. ಷೆಡ್ಡು 20 ಅಡಿಗೆ 12 ಅಡಿ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಪೈಥಾಗೊರಸ್ ಹೇಳಿಕೊಡುತ್ತಿರುವ ನಾನು ಪಾಯದ ಮೇಲೆ ದಾರವನ್ನು ಕಣ್ಣಂದಾಜಿನಲ್ಲಿ ಎಳೆದೆ. ಮೇಸ್ತ್ರಿ ಬಂದವರು ಸುಮ್ನೆ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಮೂಲೆಯಿಂದ ಮೂಲೆಗೆ ಹಿಡಿಸಿದರು. ಒಂದು ಕರ್ಣ 23 ಅಡಿ 2 ಇಂಚು, ಇನ್ನೊಂದು 23 ಅಡಿ 6 ಇಂಚು. ಎರಡೂ 23 ಅಡಿ 4 ಇಂಚು ಇರಬೇಕಿತ್ತು. ‘ಮೇಷ್ಟ್ರೇ, ಸೊಟ್ಟ’ ಅಂದರು, ಅಷ್ಟೇ. ದಾರ ಬಿಚ್ಚಿ ಮತ್ತೆ ಕಟ್ಟಿದೆ.

ಆರನೇ ವರಸೆಯಲ್ಲಿ ಇನ್ನೊಂದು ಏಟು. ದೂರದ ಮೂಲೆಗಳ ಮಟ್ಟ ನೋಡೋಕೆ ರಸಮಟ್ಟ ಸಾಲದು, ನೀರು ತುಂಬಿದ ಪಾರದರ್ಶಕ ಪೈಪು ಬೇಕು. ಪೈಪಿನ ಮಧ್ಯದಲ್ಲಿ ಕಡಲೆಕಾಳಿನಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ನಾನು ನೋಡಲಿಲ್ಲ. ಒಂದು ಮೂಲೆ ಅರ್ಧ ಇಂಚು ಮೇಲೆ ಹೋಯಿತು. ಮುಂದಿನ ಮೂರು ವರಸೆಗೆ ಗಾರೆಯನ್ನು ದಪ್ಪ ತೆಳು ಮಾಡಿ ಅದನ್ನು ಮುಚ್ಚಿಕೊಂಡೆ. ಪ್ಲಾಸ್ಟರ್ ಮಾಡಿಲ್ಲ, ಹಾಗಾಗಿ ನೋಡೋ ಕಣ್ಣಿದ್ದವರಿಗೆ ಈಗಲೂ ಕಾಣುತ್ತೆ. ಲಿಂಟಲ್ ಮೇಸ್ತ್ರಿ ಹಾಕಿದರು, ಚಾವಣಿಯ ಕಬ್ಬಿಣ ವೆಲ್ಡರ್ ಮಾಡಿದ. ಕೆಡವಿದ ಮನೆಯೊಂದರಿಂದ ತಂದ ಮಂಗಳೂರು ಹೆಂಚು ನಾನೇ ಜೋಡಿಸಿದೆ.

ಕಾರನ್ನು ನಾಲ್ಕು ಜನ ನೂಕಿ ಒಳಗೆ ತಂದೆವು. ಈ ಗಾಡಿಯ ಕುಲ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೀಮಿಯರ್ ಕಂಪನಿ 1964ರಲ್ಲಿ ಮುಂಬೈನ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಅಂತ ಇದನ್ನು ಮಾಡೋಕೆ ಶುರುಮಾಡಿತು. ಪದ್ಮಿನಿ ಅನ್ನೋ ಹೆಸರು ಬಂದದ್ದು 1974ರಲ್ಲಿ. 1,089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಅಂದರೆ ಇದೇ. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಅದೂ ನಿಂತಿತು.

ಗೋಡೆಗೆ ನೀರು ಕುಡಿಸಿ ಕುಡಿಸಿ ಅಭ್ಯಾಸ ಆಗಿತ್ತು. ಇಲ್ಲಿ ಎಲ್ಲಾ ಉಲ್ಟಾ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯೋಕೆ ಸಣ್ಣ ತೂತುಗಳಿರುತ್ತವೆ. ಹನ್ನೊಂದು ವರ್ಷದ ಹುಣಸೆ ಎಲೆ ಅಲ್ಲಿ ಗೊಬ್ಬರವಾಗಿ ತುಂಬಿತ್ತು. ಕಿಟಕಿ ರಬ್ಬರಿನಿಂದ ಇಳಿದ ಮಳೆ ನೀರು ಬಾಗಿಲಿನೊಳಗೇ ನಿಂತು, ಒಳಗಿಂದ ಹೊರಕ್ಕೆ ತಗಡು ತಿಂದಿತ್ತು. ನೆಲದ ರಬ್ಬರ್ ಮ್ಯಾಟ್ ಎತ್ತಿದರೆ ಕೆಳಗೆ ಷೆಡ್ಡಿನ ನೆಲ ಕಾಣುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿ ಮಾತ್ರ ನೋಡೋಕೆ ಗಟ್ಟಿ. ಅನುಮಾನ ಬಂದು ಫ್ರಿಜ್ಜಿಗೆ ಅಂಟಿಸೋ ಅಯಸ್ಕಾಂತ ತಂದು ಇಟ್ಟೆ. ಜಾರಿ ಬಿತ್ತು. ಪಕ್ಕದಲ್ಲಿ ಇಟ್ಟೆ, ಅಲ್ಲೂ ಬಿತ್ತು. ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸಿದ್ದರು. ಉಳಿಯಲ್ಲಿ ಕೆತ್ತಿದರೆ ಬೆರಳಿನ ದಪ್ಪ ಪುಟ್ಟಿ ಚಕ್ಕೆಯಾಗಿ ಎದ್ದು ಬಂತು. ಹಳೇ ಕಾರು ಕೊಳ್ಳೋಕೆ ಹೋಗುವವರು ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಮಾರುವವರ ಮುಖ ನೋಡೋದಕ್ಕಿಂತ ಅದು ಒಳ್ಳೆಯದು.

ತಗಡು ಕತ್ತರಿಸಿ ಬೆಸೆಯೋದು ನನ್ನ ಕೈಗೆ ಆಗದ ಕೆಲಸ. ಟಿಂಕರ್ ಮನೆಗೇ ಬಂದು ಒಂಬತ್ತು ದಿನ ಮಾಡಿದರು. ತುಕ್ಕು ಉಜ್ಜೋದು, ಪ್ರೈಮರ್, ಬಾಗಿಲೊಳಗೆ ಮೇಣ ಹೊಡೆಯೋದು ನನ್ನದು. ಇದರಲ್ಲಿ ಮಜಾ ಏನೂ ಇಲ್ಲ. ಮೂಗಿನಲ್ಲಿ ಎರಡು ತಿಂಗಳು ಕೆಂಪು ಧೂಳು.

ಇಂಜಿನ್ ಹಿಡಿದುಕೊಂಡಿತ್ತು. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ಲು ಮತ್ತು ಆಟೋಮ್ಯಾಟಿಕ್ ಗೇರ್ ಎಣ್ಣೆ ಸಮ ಬೆರೆಸಿ ಪ್ರತಿ ತೂತಿಗೂ ಎರಡು ಚಮಚ ಬಿಟ್ಟೆ. ಸ್ಟಾರ್ಟರ್ ಮುಟ್ಟಲಿಲ್ಲ. ದಿನಾ ಸಂಜೆ ಶಾಲೆಯಿಂದ ಬಂದು ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ತೂಗುತ್ತಿದ್ದೆ. ಒಂಬತ್ತನೇ ಸಂಜೆ ‘ಕಟಕ್’ ಅಂತ ಒಂದು ಸದ್ದು, ಗಾಡಿ ಅರ್ಧ ಅಡಿ ಮುಂದೆ ಹೋಯಿತು. ತಂಗಿಯ ಮಗ ಏನೋ ಮುರಿಯಿತು ಅಂದುಕೊಂಡ. ನಾನು ಕೂಗಿದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದರು.

ಟ್ಯಾಂಕಿನ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಟ್ಯಾಂಕ್ ಇಳಿಸಿ, ಬರಿದು ಮಾಡಿ, ಒಳಗೆ ಜಲ್ಲಿ ಹಾಕಿ ಕುಲುಕಿ ತೊಳೆದೆ. ಪಾಯಿಂಟ್, ಕಂಡೆನ್ಸರ್, ಪಂಪಿನ ಡಯಾಫ್ರಾಮ್ ಎಲ್ಲ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಸಿಕ್ಕಿದವು. ಅಲ್ಲಿ ಬೋರ್ಡ್ ನೋಡಿ ಅಂಗಡಿಗೆ ಹೋಗಬೇಡಿ. ಹಳೇ ಪಾರ್ಟು ಕೈಯಲ್ಲಿ ಹಿಡಿದು ಹೋಗಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕಾರ್ಬುರೇಟರ್ ಬಾಯಿಂದ ಬೆಂಕಿ ಉಗುಳಿತು. ಪ್ಲಗ್ ವೈರುಗಳಲ್ಲಿ ಎರಡು ಮತ್ತು ಮೂರು ಅದಲುಬದಲಾಗಿತ್ತು. ಕಿಡಿಯ ಕ್ರಮ 1-3-4-2, ಅದನ್ನು ಈಗ ಷೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಬ್ರೇಕು ನಾನೇ ಬಿಚ್ಚಿ ಜೋಡಿಸಿದೆ, ಆದರೆ ರಸ್ತೆಗೆ ಇಳಿಸೋ ಮೊದಲು ಹಳೇ ಫಿಯೆಟ್ ಮೆಕ್ಯಾನಿಕ್ ಒಬ್ಬರಿಂದ ನೋಡಿಸಿದೆ. ಅದರಲ್ಲಿ ಹಟ ಬೇಡ.

ಓಡೋಕೆ ಶುರುವಾದ ಮೇಲೆ ಐದು ಕಿಲೋಮೀಟರಿಗೇ ಇಂಜಿನ್ ಕಾಯುತ್ತಿತ್ತು. ಥರ್ಮೋಸ್ಟಾಟ್ ಬದಲಿಸಿದೆ, ಹೋಸ್ ಬದಲಿಸಿದೆ, ಸುಮ್ನೆ ದುಡ್ಡು. ಕೊನೆಗೆ ರೇಡಿಯೇಟರ್ ಬಿಚ್ಚಿಸಿದರೆ ಒಳಗಿನ ಕೊಳವೆಗಳಲ್ಲಿ ನಮ್ಮ ಮನೆ ಸ್ನಾನದ ಹಂಡೆಯಲ್ಲಿ ಇರುವಂಥದ್ದೇ ಗಡಸು ನೀರಿನ ಬಿಳೀ ಪದರ. ವರ್ಷಗಟ್ಟಲೆ ಅಪ್ಪ ಬೋರ್‌ವೆಲ್ ನೀರನ್ನೇ ತುಂಬಿದ್ದರು. ರೇಡಿಯೇಟರ್ ಅಂಗಡಿಯವರು ಕೊಳವೆಗಳಿಗೆ ಕಡ್ಡಿ ತೂರಿಸಿ ಕೆರೆದು ತೆಗೆದರು. ಈಗ ಕೂಲಂಟ್ ಮತ್ತು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ಮಾತ್ರ.

ಆರ್‌ಸಿ ಐದು ವರ್ಷಕ್ಕೆ ನವೀಕರಣ ಆಯಿತು. ವಿಂಟೇಜ್ ಪಟ್ಟಿಗೆ ಸೇರಬಹುದಾ ಅಂತ ಕೇಳುವವರಿದ್ದಾರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿರಬೇಕು. ನಮ್ಮದಕ್ಕೆ 2034. ಅಷ್ಟರಲ್ಲಿ ನಾನೇ ವಿಂಟೇಜ್ ಆಗಿರುತ್ತೇನೆ.

ಈ ಜೂನಿನಲ್ಲಿ ಮೊದಲ ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಷೆಡ್ಡಿಗೆ ಹೋದೆ. ಗೋಡೆ ಗಟ್ಟಿಯಾಗಿತ್ತು. ಹೆಂಚೊಂದು ಬಿರಿದು ಹನಿ ಸರಿಯಾಗಿ ವಿಂಡ್‌ಶೀಲ್ಡಿನ ಮೇಲೆ ಬೀಳುತ್ತಿತ್ತು. ಕೆಳಗೊಂದು ಬಕೆಟ್ ಇಡೋಣ ಅಂದರೆ ಕೆಳಗಿರೋದೇ ಕಾರು. ಡ್ರೈವರ್ ಬದಿಯ ಮ್ಯಾಟ್ ಎತ್ತಿ ಕೈಯಾಡಿಸಿದೆ. ಅಂಗೈಯಗಲ ತೇವ. ಗಾಜಿನ ಸುತ್ತಿನ ರಬ್ಬರು ಹಳೆಯದೇ ಬಿಟ್ಟಿದ್ದೆ, ಇನ್ನೂ ಚೆನ್ನಾಗಿದೆ ಅಂತ. ಬೆಳಗ್ಗೆ ಏಣಿ ಹಾಕಿ ಹೆಂಚು ಬದಲಿಸಿದೆ. ರಬ್ಬರಿಗೆ ಜೆಸಿ ರಸ್ತೆಗೆ ಇನ್ನೊಮ್ಮೆ ಹೋಗಬೇಕು, ಹಳೇ ತುಂಡು ಕೈಯಲ್ಲಿ ಹಿಡಿದು.