ಚಿಗರಿ ಚಿಂತೆಗೆ ಹೋಗಿ ಕುರಿ ಉಳಿಸಿಕೊಂಡೆ

ಬೀದರ್ ತಾಲ್ಲೂಕು, ಹೊನ್ನಿಕೇರಿ ಕಾಡಿನ ಅಂಚಿಗೆ ನಮ್ಮ ಹೊಲ. ಅರವತ್ತು ಚಿಲ್ಲರೆ ಕುರಿ. ಬೆಳಗ್ಗೆ ಚಿಗರಿ (ಕೃಷ್ಣಮೃಗ) ಮೇಯ್ದ ಜಾಗದಲ್ಲೇ ಮಧ್ಯಾಹ್ನ ನಮ್ಮವೂ ಮೇಯುತ್ತವೆ.

ಮೂರು ವರ್ಷದ ಹಿಂದೆ ಸಂತೆಯಲ್ಲಿ ಎರಡು ಟಗರು ಅಗ್ಗಕ್ಕೆ ಸಿಕ್ಕವು. ಸೀದಾ ದೊಡ್ಡಿಗೆ ಬಿಟ್ಟೆ. ವಾರದೊಳಗೆ ಹಿರೇಬೇನೆ, ಕುರಿ-ಮೇಕೆಗೆ ಬರುವ ಪಿಪಿಆರ್ ಅನ್ನೋ ಅಂಟುರೋಗ. ಗೊಣ್ಣೆ ಒಣಗಿ ಹೊಳ್ಳೆ ಮುಚ್ಚಿಕೊಂಡಿತ್ತು, ಬಾಯಲ್ಲಿ ಹುಣ್ಣು, ಹಿಂದೆ ಭೇದಿ. ಬೇವಿನ ಹೊಗೆ ಹಾಕಿದೆ, ಅರಿಶಿನ ಕುಡಿಸಿದೆ. ಎಲ್ಲ ದಂಡ. ಹದಿನೆಂಟೋ ಹತ್ತೊಂಬತ್ತೋ ಸತ್ತವು, ಲಕ್ಷದ ಮೇಲೆ ಹೋಯಿತು. ಎಲ್ಲರಂತೆ ಹಳ್ಳಕ್ಕೆ ಎಸೆದೆ. ಮರುದಿನ ನೋಡಿದರೆ ಅದೇ ಹಳ್ಳದಲ್ಲಿ ಚಿಗರಿ ನೀರು ಕುಡಿಯುತ್ತಿದ್ದವು. ಹೊಟ್ಟೆಯಲ್ಲಿ ಸಂಕಟವಾಯಿತು. 2016–17ರಲ್ಲಿ ಮಂಗೋಲಿಯಾದಲ್ಲಿ ಇದೇ ಬೇನೆ ಕುರಿ-ಮೇಕೆಗಳಿಂದ ಸೈಗಾ ಅನ್ನೋ ಅಲ್ಲಿನ ಚಿಗರಿಗಳಿಗೆ ಹಬ್ಬಿ ಸಾವಿರಾರು ಸತ್ತಿದ್ದವು.

ಆಮೇಲೆ ಮೊಬೈಲಲ್ಲಿ ಅಮೆರಿಕದ ಬೇಟೆಗಾರರ ವಿಡಿಯೋ ನೋಡಿದೆ. ನಮ್ಮಲ್ಲಿ ಚಿಗರಿ ಹೊಡೆದರೆ ಜೈಲು, ಅಲ್ಲಿ ಲೈಸೆನ್ಸ್ ಕೊಡುತ್ತಾರೆ. ಅಲ್ಲಿನ ಜಿಂಕೆ ರೋಗ ಬೇರೆ, ಮಿದುಳು ಕೆಡಿಸುವಂಥದ್ದು, ಅದಕ್ಕೆ ಔಷಧವೂ ಇಲ್ಲ. ಅದಕ್ಕೇ ಜಿಂಕೆಯ ತಲೆ ಪರೀಕ್ಷೆಗೆ ಕೊಡುತ್ತಾರೆ, ಮಿದುಳು, ಬೆನ್ನುಮೂಳೆ ಬೇರೆ ಕಡೆ ಒಯ್ಯುವುದಿಲ್ಲ. ಹೆಣ ಸಾಗಿಸಬಾರದು ಅನ್ನೋದು ತಲೆಯಲ್ಲಿ ಕೂತಿತು.

ಹೆಣ ಹೂಳಲು ಮೊದಲ ಗುಂಡಿ ಮೇಲುಮೇಲೆ ತೋಡಿದೆ, ರಾತ್ರಿಯೇ ನಾಯಿ ಕೆದರಿದವು. ಆಮೇಲೆ ಜೇಸಿಬಿ, ಗಂಟೆಗೆ ಸಾವಿರದ ಇನ್ನೂರೋ ಏನೋ. ಆರಡಿ, ಮೇಲೆ ಸುಣ್ಣ. ಆದರೆ ಡಾಕ್ಟರು ನಕ್ಕರು, ‘ಹೆಣಕ್ಕಿಂತ ಕೆಮ್ಮೋ ಕುರಿ ಜಾಸ್ತಿ ಅಪಾಯ, ಲಸಿಕೆ ಹಾಕಿಸು.’

ಮೊದಲ ಸಲ ಲಸಿಕೆ ಹಾಳಾಯಿತು. ಲಸಿಕೆಯ ಪುಡಿ ನೀರಿನ ದ್ರಾವಣದಲ್ಲಿ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ನಾವು ಕುರಿ ಹಿಡಿಯುವುದರಲ್ಲೇ ಬಿಸಿಲೇರಿತ್ತು. ಎರಡನೇ ಸಲ ಹಿಂದಿನ ರಾತ್ರಿಯೇ ಕುರಿ ಕೂಡಿ, ಐಸ್ ಡಬ್ಬಿ ಇಟ್ಟು, ಪಕ್ಕದ ಎರಡು ಹಿಂಡಿಗೂ ಒಂದೇ ದಿನ ಹಾಕಿಸಿದೆ. ಸಂತೆಯ ಕುರಿ ಈಗ 21 ದಿನ ಹೊಲದ ಆ ತುದಿಯಲ್ಲಿ.

ನಮ್ಮ ಕಾಕಾ ಒಬ್ಬರು, ‘ಕುರಿಗೂ ಕ್ವಾರಂಟೈನಾ? ತಾಟೂ ಬೇರೆ ಕೊಡಪ್ಪಾ’ ಅಂದಿದ್ದರು. ಹೋದ ಚಳಿಗಾಲ ಪಕ್ಕದೂರಿಗೆ ಬೇನೆ ಬಂತು. ನನ್ನ ಒಂದು ಮರಿಯೂ ಹೋಗಲಿಲ್ಲ. ಐಸ್ ಡಬ್ಬಿ ಕೇಳಲು ಮೊದಲು ಬಂದವರು ಅದೇ ಕಾಕಾ.

ಚಿಗರಿಗೆ ಅಂತ ದೂರದಲ್ಲಿ ಬೇರೆ ತೊಟ್ಟಿ ಕಟ್ಟಿಸಿದೆ. ಅವು ಆರು ತಿಂಗಳು ಅತ್ತ ತಿರುಗಿಯೂ ನೋಡಲಿಲ್ಲ, ನನ್ನ ಕುರಿ ತೊಟ್ಟಿಗೇ ಬರುತ್ತಿದ್ದವು. ಈಗ ಅಲ್ಲೇ ಕುಡಿಯುತ್ತವೆ. ಹೇಗೆ ಅಂತ ಮಾತ್ರ ಕೇಳಬೇಡಿ, ಹೊಲಕ್ಕೆ ಬಂದರೆ ತೋರಿಸುತ್ತೇನೆ.